ಅಲೆಪ್ಪಿ ಟ್ರಿಪ್: ಹೌಸ್‌ಬೋಟಾ ಸರ್ಕಾರಿ ಬೋಟಾ, ಅಂಬಲಪ್ಪುಳನಾ ಮಣ್ಣಾರಶಾಲಾನಾ, ಯಾವ್ದು ಇಟ್ಕೋಬೇಕು ಯಾವ್ದು ಬಿಡ್ಬೇಕು

ಬೆಂಗ್ಳೂರಿಂದ ಅಲೆಪ್ಪಿಗೆ ಹೋಗೋರಲ್ಲಿ ಮುಕ್ಕಾಲು ಪಾಲು ಜನ ಮಾಡೋದು ಒಂದೇ, ಮುನ್ನಾರಲ್ಲಿ ಎರಡು ದಿನ, ಅಲೆಪ್ಪಿ ಹೌಸ್‌ಬೋಟಲ್ಲಿ ಒಂದು ರಾತ್ರಿ, ಬೆಳಿಗ್ಗೆ ಎದ್ದು ಕೊಚ್ಚಿ, ಮುಗೀತು. ಪ್ಯಾಕೇಜ್‌ನೋರು ಮಾರೋದೂ ಹಾಗೇ. ಇನ್ನೊಂದು ಗುಂಪು ನಮ್ಮ ಸ್ವಾಮಿಗಳದ್ದು, ಶಬರಿಮಲೆಗೆ ಅಂತ ಚೆಂಗನ್ನೂರಲ್ಲಿ ಟ್ರೈನ್ ಇಳೀತಾರೆ, ಅದೂ ಆಲಪ್ಪುಳ (ಅಲೆಪ್ಪಿಯ ಮಲಯಾಳಂ ಹೆಸ್ರು) ಜಿಲ್ಲೆನೇ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಇಳಿದವರೇ ಪಂಪಾ ಬಸ್ ಹತ್ತಿ ಹೊರಟುಬಿಡ್ತಾರೆ. ಈ ಎರಡು ಗುಂಪಿನ ನಡುವೆ ಜಿಲ್ಲೆ ಪೂರ್ತಿ ಹಾಗೇ ಉಳ್ಕೊಳುತ್ತೆ.

ಮ್ಯಾಪ್ ತೆಗೆದು ನೋಡಿ. ಉತ್ತರಕ್ಕೆ ಅರೂರು, ದಕ್ಷಿಣಕ್ಕೆ ಕಾಯಂಕುಳಂ, ಮಧ್ಯೆ ಸುಮಾರು 80 ಕಿಲೋಮೀಟರ್ ಕರಾವಳಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ವೇಂಬನಾಡ್ ಕಾಯಲ್ (ಹಿನ್ನೀರಿನ ದೊಡ್ಡ ಕೆರೆ) ಮತ್ತೆ ಕುಟ್ಟನಾಡಿನ ಗದ್ದೆಗಳು, ಎರಡರ ಮಧ್ಯದಲ್ಲಿ ಎನ್‌ಎಚ್ 66, ಅಂದ್ರೆ ಉಡುಪಿ ಮಂಗ್ಳೂರಲ್ಲಿ ಹಾದು ಹೋಗೋ ಅದೇ ಹೈವೇ. ದೊಡ್ಡ ದೇವಸ್ಥಾನಗಳು ಬಹುಪಾಲು ಈ ಹೈವೇ ಆಸುಪಾಸಲ್ಲಿ, ಅಲೆಪ್ಪಿ ಟೌನಿಂದ ದಕ್ಷಿಣಕ್ಕಿವೆ. ನೀರು ನೋಡೋ ಜಾಗ ಪೂರ್ವಕ್ಕೆ. ಬೀಚು ಪಶ್ಚಿಮಕ್ಕೆ. ಹಾಗಾಗಿ ಒಂದೇ ದಿನದಲ್ಲಿ ಎಲ್ಲಾ ಕವರ್ ಮಾಡ್ತೀನಿ ಅಂತ ಡ್ರೈವರ್ ಹೇಳಿದ್ರೆ ನಂಬ್ಬೇಡಿ, ನೀವು ಕವರ್ ಮಾಡೋದು ಹೈವೇ ಟ್ರಾಫಿಕ್ ಮಾತ್ರ.

ನನ್ನ ಲೆಕ್ಕದಲ್ಲಿ ಅಲೆಪ್ಪೀಲಿ ಜಾಗ ಆರಿಸ್ಬೇಕಾಗಿರೋದು ಫೋಟೋ ನೋಡಿ ಅಲ್ಲ, ಗಡಿಯಾರ ನೋಡಿ. ಕೇರಳದ ದೇವಸ್ಥಾನ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಡೆ, ಅಂದ್ರೆ ಗರ್ಭಗುಡಿ ಬಾಗಿಲು, ಮುಚ್ಚಿದ್ರೆ ತೆಗೆಯೋದು ಸಾಯಂಕಾಲ ಐದಕ್ಕೆ. ಹೌಸ್‌ಬೋಟ್ ಹತ್ತಿಸ್ಕೊಳ್ಳೋದು ಮಧ್ಯಾಹ್ನ ಹನ್ನೆರಡಕ್ಕೆ, ಇಳಿಸೋದು ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ. ಈ ಎರಡು ಟೈಮ್ ತಲೇಲಿ ಇಟ್ಕೊಂಡ್ರೆ ಅರ್ಧ ಪ್ಲ್ಯಾನ್ ತಾನಾಗೇ ಬರುತ್ತೆ.

ನೀರಿನ ಕಡೆ: ಹೌಸ್‌ಬೋಟ್, ಸರ್ಕಾರಿ ಬೋಟ್, ದೋಣಿ

ಮೊದ್ಲು ಹೌಸ್‌ಬೋಟ್ ವಿಷ್ಯ, ಯಾಕಂದ್ರೆ ದುಡ್ಡು ಜಾಸ್ತಿ ಹೋಗೋದು ಅಲ್ಲೇ. ಹಿಂದೆ ಅಕ್ಕಿ, ತೆಂಗಿನಕಾಯಿ ಸಾಗಿಸ್ತಿದ್ದ ಕೆಟ್ಟುವಳ್ಳಂ ಅನ್ನೋ ದೊಡ್ಡ ದೋಣಿಗಳಿಗೆ ಬಿದಿರು, ಚಾಪೆಯ ಮಾಡು ಹಾಕಿ ರೂಮ್ ಮಾಡಿದ್ದು ಇದು. ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಲೆಕ್ಕ ಹಾಕಿ. ಹನ್ನೆರಡಕ್ಕೆ ಹತ್ತಿದ್ರಿ, ಒಂದು ಗಂಟೆ ಓಡಿಸ್ತಾರೆ, ಊಟಕ್ಕೆ ಒಂದು ದಡದಲ್ಲಿ ಕಟ್ತಾರೆ, ಮತ್ತೆ ಹೊರಟು ಸಾಯಂಕಾಲ ಐದೂವರೆ ಆರರ ಹೊತ್ತಿಗೆ ನಿಲ್ಲಿಸ್ಲೇಬೇಕು, ಯಾಕಂದ್ರೆ ಆಮೇಲೆ ಮೀನುಗಾರರು ಬಲೆ ಬಿಡ್ತಾರೆ. ರಾತ್ರಿ ಪೂರ್ತಿ ಬೋಟ್ ಕಟ್ಟಿದ ಜಾಗದಲ್ಲೇ ಇರುತ್ತೆ. ಬೆಳಿಗ್ಗೆ ತಿಂಡಿ ಜೊತೆ ಒಂದು ಗಂಟೆ ಓಡಿಸಿ ಜೆಟ್ಟಿಗೆ ಬಿಟ್ಬಿಡ್ತಾರೆ. ಅಂದ್ರೆ ನಿಜವಾಗ್ಲೂ ನೀರ ಮೇಲೆ ಓಡಾಡೋದು ನಾಲ್ಕೈದು ಗಂಟೆ, ಉಳಿದಿದ್ದೆಲ್ಲಾ ನೀರ ಮೇಲಿನ ಲಾಡ್ಜ್ ರೂಮು. ಹಾಗಂತ ಗೊತ್ತಿದ್ದು ದುಡ್ಡು ಕೊಟ್ರೆ ಬೇಜಾರಾಗಲ್ಲ.

ಯಾರಿಗೆ ಇದು ಸರಿ ಅಂದ್ರೆ, ವಯಸ್ಸಾದ ಅಪ್ಪ ಅಮ್ಮ, ಚಿಕ್ಕ ಮಕ್ಕಳು, ಹೊಸದಾಗಿ ಮದ್ವೆ ಆದೋರು, ಇಲ್ಲ ಎರಡು ಮೂರು ಫ್ಯಾಮಿಲಿ ಸೇರಿ ದೊಡ್ಡ ಬೋಟ್ ಹಿಡಿಯೋರು. ಹತ್ತೋ ಇಳಿಯೋ ಗೋಜಿಲ್ಲ, ಊಟ ಅಲ್ಲೇ, ಬಾತ್‌ರೂಮ್ ಪಕ್ಕದಲ್ಲೇ. ಬುಕ್ ಮಾಡೋವಾಗ ಒಂದು ಮಾತು ಕೇಳಿ, ಎಸಿ ಇಡೀ ದಿನ ಇರುತ್ತಾ ಇಲ್ಲಾ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರನಾ ಅಂತ. ಕಮ್ಮಿ ರೇಟಿನ ಬೋಟಲ್ಲಿ ಸಾಮಾನ್ಯವಾಗಿ ಎರಡನೇದೇ, ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಅಲ್ಲಿ ಕೂತವರಿಗೇ ಗೊತ್ತು. ವೆಜ್ ಆಗಿದ್ರೆ ಹಿಂದಿನ ದಿನವೇ ಫೋನ್ ಮಾಡಿ ಹೇಳ್ಬೇಕು, ಇಲ್ಲಾಂದ್ರೆ ಕರಿಮೀನು ಹುರಿದು ತಟ್ಟೇಲಿ ಇಟ್ಟಿರ್ತಾರೆ. ಅನ್ನ ದಪ್ಪಕ್ಕಿದು ಬರುತ್ತೆ, ಮಂಗ್ಳೂರ್ ಕಡೆಯವ್ರಿಗೆ ಮನೆಯ ಕುಚ್ಚಲಕ್ಕಿ ಥರಾನೇ ಅನ್ಸುತ್ತೆ, ಮೈಸೂರು ಬೆಂಗ್ಳೂರಿನವ್ರು ‘ಪಚ್ಚರಿ’ ಅಂತ ಕೇಳಿ, ಬಿಳಿ ಅನ್ನ ಮಾಡಿಕೊಡ್ತಾರೆ.

ಇನ್ನು ಸರ್ಕಾರಿ ಬೋಟ್. ನನ್ನ ಓಟು ಇದಕ್ಕೇ. ಕೇರಳ ಸರ್ಕಾರದ ಜಲ ಸಾರಿಗೆ ಇಲಾಖೆ ಹೆಡ್ ಆಫೀಸೇ ಅಲೆಪ್ಪೀಲಿ ಇದೆ, ಜೆಟ್ಟಿ ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡ್ ಪಕ್ಕದಲ್ಲೇ. ಇಲ್ಲಿಂದ ಕೋಟ್ಟಯಂಗೆ ಬೋಟ್ ಹೋಗುತ್ತೆ, ಎರಡೂವರೆ ಗಂಟೆ ಆಸುಪಾಸು, ಟಿಕೆಟ್‌ಗೆ ನೂರರ ನೋಟು ಕೊಟ್ರೆ ಚಿಲ್ಲರೆ ವಾಪಸ್ ಬರುತ್ತೆ. ಇದು ಟೂರಿಸ್ಟ್ ಬೋಟಲ್ಲ, ಜನ ದಿನಾ ಓಡಾಡೋದು. ಕಂಡಕ್ಟರ್ ಕುತ್ತಿಗೆಗೆ ಬ್ಯಾಗ್ ಹಾಕ್ಕೊಂಡು ಟಿಕೆಟ್ ಹರೀತಾನೆ, ಜೆಟ್ಟಿ ಹತ್ರ ಬಂದಾಗ ಒಬ್ಬ ಹಗ್ಗ ಎಸೆದು ಕಂಬಕ್ಕೆ ಒಂದೇ ಸುತ್ತು ಸುತ್ತಿ ಎಳೀತಾನೆ, ಬೋಟ್ ದಡಕ್ಕೆ ಒರಗಿದ ಅರ್ಧ ನಿಮಿಷದಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು, ಗ್ಯಾಸ್ ಸಿಲಿಂಡರು, ಮೀನಿನ ಬಕೆಟ್ಟು ಎಲ್ಲಾ ಹತ್ತಿ ಇಳಿದು ಆಗಿರುತ್ತೆ, ಡ್ರೈವರ್ ಗಂಟೆ ಸದ್ದಿಗೆ ಕಾಯ್ತಿರ್ತಾನೆ. ಕಾಲುವೆ ಪಕ್ಕದ ಮನೆ ಮೆಟ್ಟಿಲ ಮೇಲೆ ಪಾತ್ರೆ ಉಜ್ಜೋರು ತಲೆ ಎತ್ತೂ ನೋಡಲ್ಲ. ಗದ್ದೆ ನಿಮ್ಮ ಬೋಟಿಗಿಂತ ಕೆಳಗಿರೋದು ಇಲ್ಲಿ ಸರಿಯಾಗಿ ಕಾಣುತ್ತೆ: ಬದುವಿನ ಈ ಕಡೆ ನೀರು ಮೇಲೆ, ಆ ಕಡೆ ಭತ್ತ ಕೆಳಗೆ. ಕುಟ್ಟನಾಡಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಬೇಸಾಯ ಮಾಡ್ತಾರೆ, ನೀರನ್ನ ಪಂಪ್ ಹಾಕಿ ಹೊರಗೆ ಚೆಲ್ಲಿ ಆಮೇಲೆ ಬಿತ್ತನೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನ ಜಾಗತಿಕ ಕೃಷಿ ಪರಂಪರೆ ಪಟ್ಟಿಗೆ ಸೇರಿಸಿದ್ದು ಇದಕ್ಕೇ.

ತೊಂದ್ರೆಗಳೂ ಇವೆ, ಹೇಳ್ಬೇಕು. ಟಾಯ್ಲೆಟ್ ನೆಚ್ಕೊಂಡು ಹತ್ತಬೇಡಿ, ಸೀಟ್ ಬೆಂಚು, ಸಂಜೆ ಸ್ಕೂಲ್ ಬಿಡೋ ಹೊತ್ತಲ್ಲಿ ರಶ್ಶು, ದೊಡ್ಡ ಲಗೇಜ್ ಇದ್ರೆ ಕಷ್ಟ. ಮೊಣಕಾಲು ನೋವಿರೋರಿಗೆ ಹತ್ತಿ ಇಳಿಯೋದು ಸಲೀಸಲ್ಲ. ಸ್ವಲ್ಪ ಆರಾಮ ಬೇಕು, ದುಡ್ಡೂ ಜಾಸ್ತಿ ಆಗ್ಬಾರ್ದು ಅನ್ನೋರಿಗೆ ಅದೇ ಇಲಾಖೆಯ ವೇಗ ಅನ್ನೋ ಟೂರಿಸ್ಟ್ ಬೋಟ್ ಇದೆ, ಎಸಿ ಸೀಟು ನಾನ್ ಎಸಿ ಸೀಟು ಎರಡೂ ಉಂಟು, ಹಗಲಲ್ಲೇ ಪಾದಿರಾಮಣಲ್ ದ್ವೀಪ, ಕುಮರಕಂ ಕಡೆ ಸುತ್ತಿಸಿ ಸಾಯಂಕಾಲದೊಳಗೆ ವಾಪಸ್. ಮುಂಚೆ ಫೋನ್ ಮಾಡಿ ಸೀಟ್ ಹಿಡೀಬೇಕು, ರಜಾ ದಿನ ಸಿಗೋದೇ ಇಲ್ಲ.

ಮೂರನೇದು ದೋಣಿ, ಹುಟ್ಟು ಹಾಕೋ ಚಿಕ್ಕ ದೋಣಿ. ಹೌಸ್‌ಬೋಟ್ ಹೋಗೋದು ದೊಡ್ಡ ಕಾಯಲ್ ಮತ್ತೆ ಅಗಲದ ಹೊಳೇಲಿ ಮಾತ್ರ, ಒಳಗಿನ ಸಣ್ಣ ತೋಡುಗಳಿಗೆ ಅದು ನುಗ್ಗಲ್ಲ. ಕೈನಕರಿ, ನೆಡುಮುಡಿ, ಚಂಬಕುಳಂ ಕಡೆ ಬೆಳಿಗ್ಗೆ ಆರು ಆರೂವರೆಗೆ ದೋಣಿ ಹತ್ತಿದ್ರೆ ಮೀನ್‌ಕೊಕ್ಕರೆ, ನೀರುಕಾಗೆ, ಬಾತುಕೋಳಿ ಹಿಂಡು ಹೊಡ್ಕೊಂಡು ಹೋಗೋರು, ಎಲ್ಲಾ ಕೈಗೆಟಕೋ ದೂರದಲ್ಲಿ. ಇಂಜಿನ್ ಸದ್ದಿಲ್ಲ. ಶಿಕಾರ ಅಂತ ಮೋಟಾರ್ ಬೋಟೂ ಇದೆ, ಅದು ಮಧ್ಯದ ದಾರಿ, ಗಂಟೆ ಲೆಕ್ಕ.

ಹೋಮ್‌ಸ್ಟೇಲಿ ರಾತ್ರಿ ಉಳ್ಕೊಂಡು ಬೆಳಿಗ್ಗೆ ದೋಣಿ, ಆಮೇಲೆ ಸರ್ಕಾರಿ ಬೋಟು ಅಂದ್ರೆ ಹೌಸ್‌ಬೋಟ್ ಖರ್ಚಿನ ಸಣ್ಣ ಪಾಲಲ್ಲಿ ಜಾಸ್ತಿ ನೋಡಿರ್ತೀರಿ. ಮನೇಲಿ ‘ಅಲೆಪ್ಪಿಗೆ ಹೋಗಿ ಹೌಸ್‌ಬೋಟ್ ಹತ್ತದೇ ಬರೋದಾ’ ಅಂತ ರಾಗ ತೆಗೀತಾರೆ ಅನ್ನೋದಿದ್ರೆ ರಾತ್ರಿ ಬಿಟ್ಟು ಡೇ ಕ್ರೂಸ್ ಮಾಡಿ, ನೋಡೋ ನೀರು ಅಷ್ಟೇ, ರೂಮ್ ಬಾಡಿಗೆ ಉಳೀತು.

ಕುಮರಕಂ ಚೆನ್ನಾಗಿದ್ಯಾ ಅಲೆಪ್ಪಿನಾ ಅಂತ ಕೇಳೋರಿಗೆ ಒಂದೇ ಮಾತು: ಕೆರೆ ಒಂದೇ, ದಡ ಬೇರೆ. ಕುಮರಕಂ ಕೋಟ್ಟಯಂ ಜಿಲ್ಲೆ, ದೊಡ್ಡ ರೆಸಾರ್ಟು, ಪಕ್ಷಿಧಾಮ, ಗಲಾಟೆ ಕಮ್ಮಿ, ರೇಟ್ ಜಾಸ್ತಿ. ಊರು, ಕಾಲುವೆ, ಬಸ್ಸು, ಅಗ್ಗದ ಊಟ ಬೇಕಂದ್ರೆ ಅಲೆಪ್ಪಿ.

ನೀರಲ್ಲಿ ಈಜೋ ಆಸೆ ಬೇಡ. ತಣ್ಣೀರ್‌ಮುಕ್ಕಂ ಅಂತ ಒಂದು ದೊಡ್ಡ ಬಂಡ್ ಇದೆ, ಬೇಸಿಗೆ ಬೆಳೆಗೆ ಉಪ್ಪುನೀರು ನುಗ್ಗದಂತೆ ಡಿಸೆಂಬರ್ ಹೊತ್ತಿಗೆ ಅದರ ಗೇಟ್ ಮುಚ್ತಾರೆ, ಆಮೇಲೆ ದಕ್ಷಿಣದ ಕಡೆ ನೀರು ಓಡೋದು ಕಮ್ಮಿ, ಅಂತರಗಂಗೆ ದಟ್ಟವಾಗಿ ಬೆಳೆದು ಕೆಲವು ಕಾಲುವೇಲಿ ಬೋಟೇ ಸಿಕ್ಕಾಕೊಳುತ್ತೆ. ಗೇಟ್ ತೆಗೆದು ಉಪ್ಪುನೀರು ಬಂದ್ಮೇಲೇ ಅದು ಸಾಯೋದು. ಕಾಯಲ್ ಚಂದ ಅಂತ ಹೊಗಳೋರು ಇದನ್ನ ಹೇಳೋದು ಕಮ್ಮಿ.

ದೇವರ ಕಡೆ

ಅಂಬಲಪ್ಪುಳನಾ ಮಣ್ಣಾರಶಾಲಾನಾ ಅನ್ನೋದು ನಮ್ಮಲ್ಲಿ ಜಾಸ್ತಿ ಕೇಳೋ ಪ್ರಶ್ನೆ. ಎರಡೂ ಹೈವೇಗೆ ಹತ್ರ, ಎರಡೂ ದಕ್ಷಿಣಕ್ಕೇ, ಅಂಬಲಪ್ಪುಳ ಟೌನಿಂದ ಸುಮಾರು 14 ಕಿಲೋಮೀಟರ್, ಮಣ್ಣಾರಶಾಲಾ ಹರಿಪ್ಪಾಡ್ ಹತ್ರ, ಅದಕ್ಕಿಂತ ಡಬಲ್ ದೂರ. ಆದ್ರೆ ಎರಡರ ಸ್ವಭಾವ ಬೇರೆ ಬೇರೆ.

ಅಂಬಲಪ್ಪುಳ ಕೃಷ್ಣ ಪಾರ್ಥಸಾರಥಿ, ಒಂದು ಕೈಲಿ ಚಾವಟಿ, ಇನ್ನೊಂದು ಕೈಲಿ ಶಂಖ. ಜನ ಬರೋದು ದರ್ಶನಕ್ಕೆ ಎಷ್ಟೋ ಪಾಲ್‌ಪಾಯಸಕ್ಕೂ ಅಷ್ಟೇ, ಇದ್ರಲ್ಲಿ ನಾಚ್ಕೊಳ್ಳೋಂಥದ್ದೇನಿಲ್ಲ. ರಾಜನ ಜೊತೆ ಚದುರಂಗ ಆಡಿ ಗೆದ್ದ ಸಾಧು, ಮೊದಲ ಮನೆಗೆ ಒಂದು ಕಾಳು, ಎರಡನೇದಕ್ಕೆ ಎರಡು, ಮೂರನೇದಕ್ಕೆ ನಾಲ್ಕು ಅಂತ 64 ಮನೆಗೂ ಅಕ್ಕಿ ಕೇಳ್ದ, ರಾಜನ ಉಗ್ರಾಣ ಖಾಲಿಯಾದ್ರೂ ಸಾಲ ತೀರ್ಲಿಲ್ಲ, ಆ ಸಾಧು ಕೃಷ್ಣನೇ, ಸಾಲ ಒಟ್ಟಿಗೆ ಬೇಡ ದಿನಾ ಪಾಯಸ ಮಾಡಿ ಹಂಚಿ ತೀರಿಸು ಅಂದ ಅನ್ನೋ ಕಥೆ. ಪಾಯಸಕ್ಕೆ ಹಾಲು, ನೀರು, ಅಕ್ಕಿ, ಸಕ್ಕರೆ ಬಿಟ್ರೆ ಬೇರೇನೂ ಇಲ್ಲ, ಏಲಕ್ಕಿ ದ್ರಾಕ್ಷಿ ಗೋಡಂಬಿ ಯಾವ್ದೂ ಹಾಕಲ್ಲ, ಗಂಟೆಗಟ್ಲೆ ಕುದಿಸಿ ಹಾಲು ಇಂಗಿ ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತೆ, ಅನ್ನದ ಕಾಳು ನಾಲಿಗೇಲಿ ಸಿಗೋದೇ ಕಷ್ಟ. ಅದು ಸಿಗೋದು ಮಧ್ಯಾಹ್ನದ ಪೂಜೆ ಆದ್ಮೇಲೆ. ಇಲ್ಲೇ ಗಡಿಯಾರದ ತಕರಾರು ಬರೋದು: ಪಾಯಸಕ್ಕೆ ಕಾದ್ರೆ ಹನ್ನೆರಡಕ್ಕೆ ಹೌಸ್‌ಬೋಟ್ ಹತ್ತೋಕ್ಕಾಗಲ್ಲ. ಹಾಗಾಗಿ ಅಂಬಲಪ್ಪುಳನ ಬೋಟ್ ದಿನಕ್ಕೆ ಜೋಡಿಸ್ಬೇಡಿ, ಬೋಟ್ ಇಳಿದ ದಿನಕ್ಕೆ ಇಟ್ಕೊಳ್ಳಿ, ಒಂಬತ್ತಕ್ಕೆ ಇಳಿದು ಸ್ನಾನ ಗೀನ ಮುಗಿಸಿ ಹೋದ್ರೂ ಟೈಮ್ ಸಾಕಾಗುತ್ತೆ. ಪಾಯಸದ ಚೀಟಿ ಬೇಗ ಖಾಲಿಯಾಗುತ್ತೆ, ಹೋದ ಕೂಡ್ಲೇ ಮೊದ್ಲು ಆ ಕೌಂಟರು, ಆಮೇಲೆ ದರ್ಶನ.

ನಮ್ಮ ಮೈಸೂರಿಗೂ ಇಲ್ಲಿಗೂ ಒಂದು ನಂಟಿದೆ. ಟಿಪ್ಪು ಸೈನ್ಯ 1789ರಲ್ಲಿ ಮಲಬಾರ್ ಕಡೆ ಬಂದಾಗ ಗುರುವಾಯೂರಿನ ಮೂರ್ತೀನ ಜೋಪಾನ ಮಾಡೋಕೆ ಇಲ್ಲಿಗೆ ತಂದಿಟ್ಟಿದ್ರು ಅಂತ ಹೇಳ್ತಾರೆ, ಆ ಜಾಗಕ್ಕೆ ಈಗ್ಲೂ ಗುರುವಾಯೂರ್ ನಡೆ ಅಂತಾನೇ ಹೆಸ್ರು. ಅಂಬಲಪ್ಪುಳಗೆ ಹೋದೋರು ಹಾಗೇ ಪೂರ್ವಕ್ಕೆ ತಗಳಿ ದಾರೀಲಿ ಎರಡು ಮೂರು ಕಿಲೋಮೀಟರ್ ಹೋಗಿ ಕರುಮಾಡಿಕುಟ್ಟನ್ ನೋಡ್ಬಹುದು. ಕಪ್ಪು ಕಲ್ಲಿನ ಬುದ್ಧ, ಎಡಭಾಗ ಪೂರ್ತಿ ಹೋಗಿದೆ, ಕಾಲುವೆ ಪಕ್ಕ ಒಂದು ಚಿಕ್ಕ ಮಂಟಪದಲ್ಲಿ ಕೂತಿದಾನೆ. ಹತ್ತು ನಿಮಿಷ ಸಾಕು. ಕೇರಳದಲ್ಲಿ ಬೌದ್ಧರೂ ಇದ್ರು ಅನ್ನೋದಕ್ಕೆ ಕಣ್ಣೆದುರು ಉಳಿದಿರೋ ಸಾಕ್ಷಿ.

ಮಣ್ಣಾರಶಾಲಾ ಬೇರೆ ಲೋಕ. ನಾಗರಾಜನ ಕ್ಷೇತ್ರ, ಕಾಡಿನ ಥರ ಮರ ತುಂಬಿದ ಬನ, ಹೋಗೋ ದಾರಿ ಎರಡೂ ಕಡೆ, ಮರದ ಬುಡದಲ್ಲಿ, ಗೋಡೆ ಪಕ್ಕ ಸಾವಿರಾರು ನಾಗರ ಕಲ್ಲು. ದಕ್ಷಿಣ ಕನ್ನಡದೋರಿಗೆ ನಾಗಬನ ಹೊಸದಲ್ಲ, ಇಲ್ಲೂ ಪರಶುರಾಮನ ಕಥೆನೇ ಹೇಳೋದು, ಆದ್ರೆ ಇಷ್ಟು ಕಲ್ಲು ಒಂದೇ ಕಡೆ ನೋಡಿರಲ್ಲ. ಇಲ್ಲಿ ಮುಖ್ಯ ಪೂಜೆಯ ಹಕ್ಕು ಆ ಮನೆತನದ ಹಿರಿಯ ಹೆಂಗಸಿಗೆ, ಮಣ್ಣಾರಶಾಲಾ ಅಮ್ಮ ಅಂತಾರೆ. ಮಕ್ಕಳಾಗ್ಲಿಲ್ಲ ಅಂತ ಹರಕೆ ಹೊರೋರು ಕಂಚಿನ ಉರುಳಿ, ಅಂದ್ರೆ ಅಗಲ ಬಾಯಿನ ಪಾತ್ರೆ, ತಂದು ಕೊಡ್ತಾರೆ, ಅದನ್ನ ಮಗುಚಿ ಇಡ್ತಾರೆ, ಮಗು ಆದ್ಮೇಲೆ ಮಗು ಎತ್ಕೊಂಡು ಬಂದು ಉರುಳಿ ನೆಟ್ಟಗೆ ಮಾಡಿಸ್ಬೇಕು. ಮನೇಲಿ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸೋ ಪದ್ಧತಿ ಇದ್ರೆ ಈ ಕ್ಷೇತ್ರ ಸುಲಭವಾಗಿ ಅರ್ಥ ಆಗುತ್ತೆ, ಇಲ್ಲಿ ದೊಡ್ಡ ಹಬ್ಬನೂ ಆಶ್ಲೇಷಾ ನಕ್ಷತ್ರದ್ದೇ, ಮಲಯಾಳಂ ತುಲಾ ಮಾಸದ ಆಯಿಲ್ಯಂ, ಅಕ್ಟೋಬರ್ ನವೆಂಬರಲ್ಲಿ ಬರುತ್ತೆ. ಅವತ್ತು ಹೋಗೋದು ಹರಕೆ ಇದ್ರೆ ಮಾತ್ರ, ಸುಮ್ನೆ ನೋಡೋಕೆ ಅಂದ್ರೆ ಬೇರೆ ಯಾವ ದಿನ ಆದ್ರೂ ಚೆಂದ. ಹರಿಪ್ಪಾಡಲ್ಲೇ ಸುಬ್ರಹ್ಮಣ್ಯನ ದೊಡ್ಡ ದೇವಸ್ಥಾನ ಇದೆ, ಎರಡೂ ಒಂದೇ ಬೆಳಿಗ್ಗೆ ಆಗುತ್ತೆ.

ಒಂದೇ ಆರಿಸಿ ಅಂದ್ರೆ? ಪಾಯಸದ ಆಸೆ, ಅಲೆಪ್ಪೀಲೇ ವಾಸ್ತವ್ಯ ಅಂದ್ರೆ ಅಂಬಲಪ್ಪುಳ. ಮನಸ್ಸಿಗೆ ಹಿಡಿಯೋದು ಮಣ್ಣಾರಶಾಲಾ, ಕಾರ್ ಇದ್ರೆ ಅಲ್ಲಿಗೇ ಹೋಗಿ ಅಂತೀನಿ.

ಉಳಿದವೆಲ್ಲಾ ದಿನ ನೋಡ್ಕೊಂಡು ಹೋಗೋವು. ಮಾವೇಲಿಕ್ಕರ ಹತ್ರದ ಚೆಟ್ಟಿಕುಳಂಗರ ದೇವಿ ದೇವಸ್ಥಾನಕ್ಕೆ ಕುಂಭ ಭರಣಿ ದಿನ, ಫೆಬ್ರವರಿ ಮಾರ್ಚಲ್ಲಿ ಬರುತ್ತೆ, ಆವತ್ತು ಹೋಗ್ಬೇಕು. 13 ಕರೆಯವ್ರು, ಕರೆ ಅಂದ್ರೆ ನಮ್ಮ ಕೇರಿ ಥರ, ತಮ್ಮ ತಮ್ಮ ಕೆಟ್ಟುಕಾಳ್ಚ ಎಳ್ಕೊಂಡು ಗದ್ದೆಗೆ ಇಳಿಸ್ತಾರೆ, ಗೋಪುರದಷ್ಟು ಎತ್ತರದ ಕುದುರೆ, ತೇರು, ಜೊತೆಗೆ ಭೀಮ, ಹನುಮಂತ. ನಮ್ಮೂರ ತೇರಿನ ಜಾತ್ರೆ ಇಷ್ಟ ಪಡೋರಿಗೆ ಇದನ್ನ ಮೀರಿಸಿದ್ದು ಆ ಜಿಲ್ಲೇಲಿ ಇಲ್ಲ. ನೀರಾಟ್ಟುಪುರಂನ ಚಕ್ಕುಳತ್ತುಕಾವಲ್ಲಿ ವೃಶ್ಚಿಕ ಮಾಸದ ಕಾರ್ತಿಕ ನಕ್ಷತ್ರದ ದಿನ ಪೊಂಗಾಲ, ರಸ್ತೆ ಉದ್ದಕ್ಕೂ ಹೆಂಗಸರು ಒಲೆ ಹೂಡಿ ಕೂತಿರ್ತಾರೆ, ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಅದೇ. ಚೆಂಗನ್ನೂರು ಮಹಾದೇವ ದೇವಸ್ಥಾನದಲ್ಲಿ ದೇವಿ ಮುಟ್ಟಾಗೋದನ್ನೇ ಹಬ್ಬ ಮಾಡ್ತಾರೆ, ತ್ರಿಪ್ಪುತ್ತರಾಟ್ಟು ಅಂತ, ಶಬರಿಮಲೆ ಟ್ರೈನ್ ಇಳಿಯೋರು ಒಂದು ಗಂಟೆ ಮಾಡ್ಕೊಂಡು ನೋಡ್ಬಹುದು. ಕೊಂಕಣಿ ಮನೆಯವ್ರಿಗೆ ಅಲೆಪ್ಪಿ ಟೌನಲ್ಲೇ ಗೌಡ ಸಾರಸ್ವತರ ತಿರುಮಲ ದೇವಸ್ವಂ ಇದೆ, ಅಲ್ಲಿನ ಟಿ.ಡಿ. ಮೆಡಿಕಲ್ ಕಾಲೇಜಿನ ಟಿ.ಡಿ. ಇದೇ.

ಡ್ರೆಸ್ ವಿಷ್ಯ: ಗಂಡಸರು ಶರ್ಟ್ ಬನಿಯನ್ ತೆಗೆದು ಪಂಚೇಲಿ ಒಳಗೆ, ಬ್ಯಾಗಲ್ಲಿ ಒಂದು ಬಿಳಿ ಪಂಚೆ ಇರ್ಲೇಬೇಕು. ಹೆಂಗಸರಿಗೆ ಸೀರೆ ಇದ್ರೆ ಎಲ್ಲೂ ಮಾತೇ ಬರಲ್ಲ. ಹಿಂದೂಗಳಲ್ಲದ ಫ್ರೆಂಡ್ಸ್ ಜೊತೆಗಿದ್ರೆ ಬಹಳ ಕಡೆ ಒಳಗೆ ಬಿಡಲ್ಲ, ಇದನ್ನ ಬಾಗಿಲಲ್ಲಿ ನಿಂತು ತಿಳ್ಕೊಳ್ಳೋದಕ್ಕಿಂತ ಮೊದ್ಲೇ ಹೇಳೋದು ಮರ್ಯಾದೆ.

ಅಂಥ ಗುಂಪಿಗೆ ಚರ್ಚ್ ವಾಸಿ. ಟೌನಿಂದ ಉತ್ತರಕ್ಕೆ ಅರ್ತುಂಕಲ್ ಬೆಸಿಲಿಕಾ, ಸಮುದ್ರದ ಪಕ್ಕ, ಪೋರ್ಚುಗೀಸರ ಕಾಲದ ನೆಲೆ. ಸಂತ ಸೆಬಾಸ್ಟಿಯನ್ ಹಬ್ಬ ಜನವರಿ 20ರ ಸುತ್ತ, ಬೀಚಿಂದ ಚರ್ಚ್ ತನಕ ಮಂಡಿಯೂರಿ ತೆವಳಿ ಬರೋ ಹರಕೆಯವ್ರನ್ನ ನೋಡ್ಬಹುದು. ಶಬರಿಮಲೆ ಮುಗಿಸಿ ಬರೋ ಸ್ವಾಮಿಗಳು ಕೆಲವರು ಮಾಲೆ ತೆಗೆಯೋದು ಇಲ್ಲೇ, ಇಲ್ಲಿದ್ದ ಒಬ್ಬ ಪಾದ್ರಿಗೂ ಅಯ್ಯಪ್ಪನಿಗೂ ಸ್ನೇಹ ಇತ್ತು ಅಂತ ಜನರ ನಂಬಿಕೆ. ಕಾರ್ಕಳದ ಅತ್ತೂರು ಚರ್ಚ್ ಜಾತ್ರೆಗೆ ಎಲ್ಲಾ ಜಾತಿಯೋರು ಹೋಗೋದು ಕಂಡವ್ರಿಗೆ ಇದು ಆಶ್ಚರ್ಯ ಅನ್ಸಲ್ಲ. ಕುಟ್ಟನಾಡಿನ ಒಳಗೆ ಎಡತ್ವಾ ಚರ್ಚ್, ಅದು ಏಪ್ರಿಲ್ ಕೊನೆ ಮೇ ಮೊದಲ ವಾರ, ತಮಿಳುನಾಡಿಂದ ತುಂಬಾ ಜನ. ಚಂಬಕುಳಂ ಚರ್ಚ್ ತುಂಬಾ ಹಳೇದು, ಬೋಟಲ್ಲೇ ಹೋಗಿ ಇಳೀಬಹುದು, ನನ್ನ ಕಣ್ಣಿಗೆ ಮೂರರಲ್ಲಿ ಚೆಂದ ಅದೇ.

ಬೀಚು, ಅರಮನೆ, ಬೋಟ್ ರೇಸು

ಬೀಚಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಲೆಪ್ಪಿ ಬೀಚಲ್ಲಿ ಹಳೇ ಪಿಯರ್‌ನ ತುಕ್ಕು ಹಿಡಿದ ಕಂಬಗಳು, 1862ರ ಲೈಟ್‌ಹೌಸು, ಪಾನಿಪೂರಿ, ಜನ. ಮಕ್ಕಳಿಗೆ ಅದು. ಮರಾರಿ ಬೀಚ್ ಮೀನುಗಾರರ ಊರು, ಶಾಂತ, ಸಂಜೆ ಸುಮ್ನೆ ಕೂರೋರಿಗೆ ಅದು. ಗೋಕರ್ಣ, ಮುರುಡೇಶ್ವರ ನೋಡಿದವ್ರು ಬೀಚಿಗೋಸ್ಕರ ಅಂತ ಇಲ್ಲಿವರೆಗೂ ಬರ್ಬೇಕಾಗಿಲ್ಲ.

ಅರಮನೆ ಬಿಡ್ಬೇಡಿ. ಕಾಯಂಕುಳಂ ಹತ್ರ ಕೃಷ್ಣಪುರಂ ಅರಮನೆ, ತಿರುವಾಂಕೂರಿನ ಮಾರ್ತಾಂಡ ವರ್ಮ ಕಾಯಂಕುಳಂ ಗೆದ್ದ ಮೇಲೆ 18ನೇ ಶತಮಾನದಲ್ಲಿ ಕಟ್ಟಿದ್ದು. ಒಳಗೆ ಗಜೇಂದ್ರ ಮೋಕ್ಷದ ಗೋಡೆ ಚಿತ್ರ ಇದೆ, 150 ಚದರ ಅಡಿಗೂ ಮೇಲೆ, ರಾಜ ಕೊಳದಲ್ಲಿ ಸ್ನಾನ ಮಾಡಿ ಬರೋವಾಗ ಎದುರಿಗೇ ಕಾಣ್ಲಿ ಅಂತ ಆ ಬಾಗಿಲ ಪಕ್ಕ ಬರೆಸಿದ್ದು. ಗರುಡನ ಮುಖ ಹತ್ರದಿಂದ ನೋಡಿ, ಸಿಟ್ಟು ಆತುರ ಎರಡೂ ಕಣ್ಣಲ್ಲೇ ಇದೆ. ಎರಡೂ ಕಡೆ ಅಂಚಿರೋ ಕಾಯಂಕುಳಂ ಕತ್ತೀನೂ ಅಲ್ಲೇ ಇಟ್ಟಿದಾರೆ. ಸೋಮವಾರ ರಜ. ಮಣ್ಣಾರಶಾಲಾ ಬೆಳಿಗ್ಗೆ, ನಡೆ ಮುಚ್ಚಿದ್ಮೇಲೆ ಊಟ, ಆಮೇಲೆ ಈ ಅರಮನೆ, ದಕ್ಷಿಣದ ದಿನಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

ಬೋಟ್ ರೇಸ್ ನೋಡೋಕೇ ಅಂತ ಹೋಗೋರು ನೆಹರೂ ಟ್ರೋಫಿ, ಚಂಬಕುಳಂ ಮೂಲಂ ಎರಡನ್ನೂ ತೂಗಿ ನೋಡಿ. ನೆಹರೂ 1952ರಲ್ಲಿ ಬಂದಾಗ ಶುರುವಾಗಿದ್ದು ಪುನ್ನಮಡ ಕಾಯಲ್‌ನ ರೇಸು, ರೂಢಿ ಪ್ರಕಾರ ಆಗಸ್ಟ್ ಎರಡನೇ ಶನಿವಾರ, ಆದ್ರೆ ಇತ್ತೀಚೆಗೆ ತಾರೀಕು ಮುಂದೆ ಹೋಗಿದ್ದೂ ಇದೆ, ಗ್ಯಾರಂಟಿ ಮಾಡ್ಕೊಳ್ದೇ ಟ್ರೈನ್ ಬುಕ್ ಮಾಡ್ಬೇಡಿ. ಟಿವಿಲಿ ಕಾಣೋ ಹಾಗೆ ನೂರು ಜನ ಒಂದೇ ತಾಳಕ್ಕೆ ಹುಟ್ಟು ಹಾಕೋದು ಸರಿಯಾಗಿ ಕಾಣ್ಬೇಕಂದ್ರೆ ಗ್ಯಾಲರಿ ಟಿಕೆಟ್ ಬೇಕು, ರೂಮ್ ರೇಟ್ ಆಕಾಶ. ಚಂಬಕುಳಂದು ಜೂನ್ ಜುಲೈಲಿ, ಅಂಬಲಪ್ಪುಳ ಕೃಷ್ಣನ ಮೂರ್ತಿ ನೀರಿನ ದಾರೀಲಿ ಬಂದ ನೆನಪಿಗೆ ನಡೆಯೋದು, ಹೊಳೆ ದಡದಲ್ಲಿ ಊರವರ ಜೊತೆ ನಿಂತು ನೋಡ್ಬಹುದು. ಮಳೆ ಮಾತ್ರ ಗ್ಯಾರಂಟಿ, ಛತ್ರಿ ಬಿಡಿಸಿದ್ರೆ ಹಿಂದಿನವ್ರು ಬೈತಾರೆ, ರೇನ್‌ಕೋಟ್ ತಗೊಳ್ಳಿ.

ಹೋಗೋದು ಹೇಗೆ ಅಂದ್ರೆ, ಮಂಗ್ಳೂರ್ ಕಡೆಯವ್ರಿಗೆ ಸಲೀಸು, ಮಾವೇಲಿ ಎಕ್ಸ್‌ಪ್ರೆಸ್ ಅಲೆಪ್ಪಿ ಲೈನಲ್ಲೇ ಹೋಗುತ್ತೆ, ನೇತ್ರಾವತೀನೂ ಅದೇ ಲೈನು. ಬೆಂಗ್ಳೂರಿನವ್ರು ಎರ್ನಾಕುಳಂಗೆ ಇಳಿದು ಅಲ್ಲಿಂದ ಬಸ್ಸೋ ಲೋಕಲ್ ಟ್ರೈನೋ ಹಿಡೀಬೇಕು. ದೇವಸ್ಥಾನಗಳೇ ಮುಖ್ಯ ಅಂದ್ರೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿ ಕೋಟ್ಟಯಂ ಮೇಲೆ ಚೆಂಗನ್ನೂರೋ ಕಾಯಂಕುಳಂಮೋ ಇಳಿದು ದಕ್ಷಿಣದಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಹರಿಪ್ಪಾಡ್, ಅಂಬಲಪ್ಪುಳ, ಕೊನೆಗೆ ಅಲೆಪ್ಪಿ, ಹೋದ ದಾರೀಲೇ ವಾಪಸ್ ಬರೋದು ತಪ್ಪುತ್ತೆ. ಅಲೆಪ್ಪಿ ರೈಲ್ವೆ ಸ್ಟೇಷನ್ ಇರೋದು ಬೀಚ್ ಕಡೆ, ಬೋಟ್ ಜೆಟ್ಟಿ ಊರಿನ ಇನ್ನೊಂದು ತುದಿಗೆ, ನಡ್ಕೊಂಡು ಹೋಗೋ ದೂರ ಅಲ್ಲ. ಸ್ಟೇಷನ್ ಹೊರಗೆ ‘ಬೋಟ್ ಬೇಕಾ ಸಾರ್’ ಅಂತ ಹಿಂದೆ ಬೀಳೋರಿಗೆ ತಲೆ ಕೊಡದೆ ಆಟೋದವ್ರಿಗೆ ‘ಬೋಟ್ ಜೆಟ್ಟಿ, ಕೆಎಸ್‌ಆರ್‌ಟಿಸಿ ಸ್ಟ್ಯಾಂಡ್’ ಅಂತ ಹೇಳಿ.